ಹಲ್ಲು ಬಂದ ಕೂಸಿಗೆ ದಿನಕ್ಕೆಷ್ಟು ಸಲ ಎದೆಹಾಲು?



ಈ ಅಂಕಣದಲ್ಲಿ ನಾವು ಸಾಮಾನ್ಯವಾಗಿ ಬೀಜೋಪಚಾರ, ಕೊಟ್ಟಿಗೆ ಗೊಬ್ಬರ, ದನಗಳ ಕಾಲುಬಾಯಿ ಬೇನೆ ಎಂದೆಲ್ಲ ಬರೆಯುತ್ತಾ ಬಂದಿದ್ದೇವೆ. ಈ ಸಲದ ವಿಷಯ ಮನೆಯ ಒಳಗಿನದು. ಗಂಡಸರು ಇದು ಹೆಂಗಸರ ಮಾತು ಎಂದು ಪುಟ ಮಗುಚಬಾರದಾಗಿ ವಿನಂತಿ. ಅವರಿಗೂ ಇದರಲ್ಲಿ ಪಾಲಿದೆ. ಆಕಳು ಕಟ್ಟಿದವರಿಗಂತೂ ಅರ್ಧ ವಿಷಯ ಮೊದಲೇ ಗೊತ್ತಿರುತ್ತದೆ.

ವಾಸ್ಕೋ ಪಟ್ಟಣದ ಮಂಗೋರ್ ಹಿಲ್ ನಮ್ಮಲ್ಲಿ ಹಲವರಿಗೆ ಈಗ ಎರಡನೆಯ ಊರು. ಹಳಿಯಾಳ, ಮುಂಡಗೋಡ, ಖಾನಾಪುರದ ಕಡೆಯ ಭತ್ತದ ಗದ್ದೆಯವರೂ ಗದಗ, ಕೊಪ್ಪಳ, ಬಾಗಲಕೋಟೆಯ ಕಡೆಯ ಜೋಳದ ಹೊಲದವರೂ ಮಳೆ ಕೈಕೊಟ್ಟ ವರ್ಷಗಳಲ್ಲಿ ರೈಲು ಹತ್ತಿ ಇಲ್ಲಿಗೆ ಬಂದವರು. ಗಂಡಸರಿಗೆ ಗೌಂಡಿ ಕೆಲಸ, ಬಂದರಿನ ಕೆಲಸ. ಹೆಂಗಸರಿಗೆ ಮನೆಗೆಲಸ, ಕಟ್ಟಡದ ಕೆಲಸ, ಮೀನು ಪೇಟೆಯ ಕೆಲಸ. ಬೆಳಿಗ್ಗೆ ಆರೂವರೆ ಏಳಕ್ಕೆ ಗುಡ್ಡದ ಇಳಿಜಾರಿನಲ್ಲಿ ನಿಂತರೆ, ಕೂಸನ್ನು ಆಯಿಯ ಕೈಗೋ ಪಕ್ಕದ ಖೋಲಿಯವರ ಕೈಗೋ ಕೊಟ್ಟು ಹಿಂತಿರುಗಿ ನೋಡದೆ ಸರಸರನೆ ಇಳಿಯುವ ತಾಯಂದಿರನ್ನು ಕಾಣಬಹುದು. ತಿರುಗಿ ನೋಡಿದರೆ ಕೂಸು ಅಳುತ್ತದೆ ಎಂಬುದು ಅವರಿಗೆ ಗೊತ್ತು.

ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ಅಂಥ ತಾಯಿಯೊಬ್ಬಳು ನಮ್ಮನ್ನು ತಡೆದು ಕೇಳಿದಳು. ಕಂಕುಳಲ್ಲಿ ಒಂಬತ್ತು ತಿಂಗಳ ಕೂಸು.

"ಹಗಲೆಲ್ಲ ಆಯಿ ಕಡೆ ಸುಮ್ನ ಇರ್ತದರಿ. ನಾ ಬಂದಿಂದ ಬಿಡೂದ ಇಲ್ಲ. ರಾತ್ರಿ ಏಳೆಂಟ ಸಲ ಎಬ್ಬಸ್ತದ. ಊರಿಂದ ಅತ್ತಿಯಾರು ಫೋನ್ ಮಾಡಿ, ಹಲ್ಲ ಬಂದಾವ, ಇನ್ನ ಮೊಲಿ ಬಿಡಸು ಅಂತಾರ. ಏನ್ ಮಾಡ್ಲಿರಿ?"

ಅವಳ ಪಕ್ಕದಲ್ಲೇ ನಿಂತಿದ್ದ ಇನ್ನೊಬ್ಬಾಕೆಯ ತೊಂದರೆ ತಿರುಗಾಮುರುಗ. ಆಕೆ ಕೆಲಸಕ್ಕೆ ಹೋಗುವವಳಲ್ಲ. ಮಗುವಿಗೆ ಹದಿನಾಲ್ಕು ತಿಂಗಳು. ದಿನವಿಡೀ ಸೆರಗು ಹಿಡಿದು ಗಳಿಗೆಗೊಮ್ಮೆ ಎರಡು ಗುಟುಕು ಕುಡಿಯುತ್ತದೆ, ಅನ್ನ ಕಂಡರೆ ಮುಖ ತಿರುಗಿಸುತ್ತದೆ. ಮಗುವಿನ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿದೆವು. ಬಿಳಚಿಕೊಂಡಿತ್ತು.

ಪ್ರಶ್ನೆ ಇಬ್ಬರದೂ ಒಂದೇ: ಹಲ್ಲು ಬಂದ ಕೂಸಿಗೆ ದಿನಕ್ಕೆ ಎಷ್ಟು ಸಲ ಎದೆಹಾಲು ಕೊಡಬೇಕು? ಉತ್ತರ ಮಾತ್ರ ಇಬ್ಬರಿಗೂ ಒಂದೇ ಅಲ್ಲ. ಮೊದಲನೆಯವಳು ಬಿಡಿಸಬಾರದು. ಎರಡನೆಯವಳೂ ಬಿಡಿಸಬಾರದು, ಆದರೆ ಅವಳ ಮನೆಯಲ್ಲಿ ಹಾಲಿಗೂ ಊಟಕ್ಕೂ ಒಂದು ಕ್ರಮ ಬರಬೇಕು. ಗಡಿಯಾರ ಇಟ್ಟುಕೊಂಡು ಎಣಿಸುವುದೂ ತಪ್ಪು, ಏನೂ ಕ್ರಮವಿಲ್ಲದೆ ಬಿಟ್ಟುಬಿಡುವುದೂ ತಪ್ಪು ಎಂಬುದು ನಮ್ಮ ಅಭಿಪ್ರಾಯ.

ಮೊದಲು ಹಲ್ಲಿನ ಮಾತು. ಹಲ್ಲು ಬಂದರೆ ಹಾಲು ಬಿಡಿಸಬೇಕೆಂಬುದು ನಮ್ಮ ಹಿರಿಯರ ಮಾತೇ ಇರಬಹುದು, ಆದರೆ ಅದಕ್ಕೆ ವೈದ್ಯಶಾಸ್ತ್ರದ ಆಧಾರವಿಲ್ಲ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ, ಆರು ತುಂಬಿದ ಮೇಲೆ ಎದೆಹಾಲಿನ ಜೊತೆಗೆ ಮನೆಯ ಊಟ, ಎರಡು ವರ್ಷದವರೆಗೆ ಮತ್ತು ಇಷ್ಟವಿದ್ದರೆ ಅದಕ್ಕೂ ಮುಂದೆ ಎದೆಹಾಲು: ಇದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮ ಸರ್ಕಾರವೂ ಇದನ್ನೇ ಹೇಳುತ್ತದೆ. ಆರರಿಂದ ಹನ್ನೆರಡು ತಿಂಗಳ ಮಗುವಿಗೆ ಬೇಕಾದ ಶಕ್ತಿಯಲ್ಲಿ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಎದೆಹಾಲಿನಿಂದಲೇ ಬರಬಲ್ಲದು. ಎರಡನೆಯ ವರ್ಷದಲ್ಲಿಯೂ ಮೂರನೆಯ ಒಂದು ಭಾಗ ಬರುತ್ತದೆ. ಬಡವರ ಮನೆಯಲ್ಲಿ ಇಷ್ಟನ್ನು ದುಡ್ಡು ಕೊಟ್ಟು ಕೊಳ್ಳಲು ಹೋದರೆ ಸಂಬಳ ಎಲ್ಲಿ ಸಾಕಾದೀತು?

ಪವಿತ್ರ ಬೈಬಲನ್ನು ತೆರೆದು ನೋಡಿದರೂ ಆತುರದಿಂದ ಹಾಲು ಬಿಡಿಸಿದ ತಾಯಂದಿರು ಕಾಣುವುದಿಲ್ಲ. ಮಕ್ಕಬಿಯರ ಎರಡನೆಯ ಗ್ರಂಥದ ಏಳನೆಯ ಅಧ್ಯಾಯದಲ್ಲಿ ಬರುವ ಏಳು ಮಕ್ಕಳ ತಾಯಿ ತನ್ನ ಕಿರಿಯ ಮಗನಿಗೆ ಮೂರು ವರ್ಷ ಹಾಲುಣಿಸಿದ್ದನ್ನು ನೆನಪಿಸುತ್ತಾಳೆ. ಅಬ್ರಹಾಮನು ಇಸಾಕನಿಗೆ ಹಾಲು ಬಿಡಿಸಿದ ದಿನ ದೊಡ್ಡ ಔತಣವನ್ನೇ ಮಾಡಿದನು. ಸಮುವೇಲನ ತಾಯಿ ಹನ್ನಾ ಕೂಸು ಹಾಲು ಬಿಡುವವರೆಗೆ ವರ್ಷದ ಯಾತ್ರೆಗೂ ಹೋಗದೆ ಮನೆಯಲ್ಲಿ ಉಳಿದಳು, ಗಂಡ ಎಲ್ಕಾನನು ಅದಕ್ಕೆ ಒಪ್ಪಿದನು. ಎಲ್ಕಾನನ ಈ ಒಪ್ಪಿಗೆಯನ್ನು ನಮ್ಮ ಗಂಡಸರು ಗಮನಿಸಬೇಕು.

ಈಗ ಆಕಳಿನ ಮಾತಿಗೆ ಬರೋಣ. ಎರಡು ಹೊತ್ತು ಕರೆಯುವ ಆಕಳನ್ನು ಮೂರು ಹೊತ್ತು ಕರೆದರೆ ಹಾಲು ಹೆಚ್ಚುತ್ತದೆ. ಒಂದು ಹೊತ್ತು ತಪ್ಪಿಸುತ್ತ ಹೋದರೆ ಕೆಚ್ಚಲು ಬತ್ತುತ್ತದೆ. ಗಬ್ಬದ ಆಕಳನ್ನು ಬತ್ತಿಸಬೇಕಾದಾಗ ನಾವು ಮಾಡುವುದೂ ಇದನ್ನೇ ಅಲ್ಲವೇ? ತಾಯಿಯ ಎದೆಯ ಲೆಕ್ಕವೂ ಅದೇ. ಬರಿದಾದಷ್ಟೂ ತುಂಬುತ್ತದೆ, ತುಂಬಿಕೊಂಡೇ ಉಳಿದರೆ ಇನ್ನು ಸಾಕೆಂದು ದೇಹ ತಿಳಿಯುತ್ತದೆ. ಎಂಟು ಗಂಟೆ ಹೊರಗೆ ದುಡಿಯುವ ತಾಯಿಗೆ ಹಾಲು ಒಣಗದಂತೆ ನೋಡಿಕೊಳ್ಳುತ್ತಿರುವುದು ಯಾರು? ರಾತ್ರಿ ಏಳೆಂಟು ಸಲ ಎಬ್ಬಿಸುವ ಆ ಕೂಸೇ. ಹಗಲು ತಪ್ಪಿದ್ದನ್ನು ಅದು ರಾತ್ರಿ ವಸೂಲು ಮಾಡುತ್ತಿದೆ. ಹಾಲು ಉತ್ಪಾದಿಸುವ ಚೋದಕರಸವೂ ರಾತ್ರಿ ಹೊತ್ತು ಹೆಚ್ಚು. ಇದು ಕೂಸಿನ ಹಟವೂ ಅಲ್ಲ, ಕೆಟ್ಟ ಚಟವೂ ಅಲ್ಲ.

ಹಾಗೆಂದು ತಾಯಿ ನಿದ್ದೆಯಿಲ್ಲದೆ ಸಾಯಬೇಕೆ? ಬೇಡ. ಆ ಒಂಬತ್ತು ತಿಂಗಳಿನ ಕೂಸಿನ ತಾಯಿಗೆ ನಾವು ಹೇಳಿದ್ದು ಇಷ್ಟು. ಬೆಳಿಗ್ಗೆ ಹೊರಡುವ ಮುನ್ನ ಅವಸರವಿಲ್ಲದೆ ಎರಡೂ ಕಡೆ ಹೊಟ್ಟೆ ತುಂಬ ಕೊಡಬೇಕು. ಅದಕ್ಕೆ ಹದಿನೈದಿಪ್ಪತ್ತು ನಿಮಿಷ ಮೊದಲೇ ಏಳಬೇಕಾದೀತು, ಒಲೆಯ ಮುಂದೆ ಗಂಡ ನಿಲ್ಲಲಿ. ಸಂಜೆ ಬಂದೊಡನೆ ಕೈಕಾಲು ತೊಳೆದು ಮೊದಲು ಕೂಸಿಗೆ ಕೂಡಬೇಕು, ಪಾತ್ರೆಗಳು ಕಾಯುತ್ತವೆ. ಆಮೇಲೆ ಮಲಗುವವರೆಗೆ ಎರಡು ಮೂರು ಸಲ ಕೇಳಿದರೆ ಇಲ್ಲವೆನ್ನಬಾರದು. ಸಂಜೆ ಹೀಗೆ ತುಂಬಿಸಿದರೆ ರಾತ್ರಿಯ ಏಳು ಸಲ ಮೂರಕ್ಕೆ ಇಳಿಯುವುದನ್ನು ನಾವು ಕಂಡಿದ್ದೇವೆ, ಎಲ್ಲ ಮಕ್ಕಳಲ್ಲೂ ಅಲ್ಲ. ಭಾನುವಾರ ಮತ್ತು ರಜೆಯ ದಿನ ಲೆಕ್ಕ ಬೇಡ. ಆ ದಿನಗಳಲ್ಲಿ ಕೂಸು ಎಷ್ಟು ಸಲ ಕುಡಿದರೂ ಅದು ಮುಂದಿನ ವಾರದ ಬಂಡವಾಳ.

ಹಗಲಿಗೆ ಎದೆಹಾಲನ್ನು ಹಿಂಡಿ ಇಟ್ಟು ಹೋಗಬಹುದು. ಸ್ವಚ್ಛ ಕೈ, ಕುದಿಸಿದ ಸ್ಟೀಲ್ ಬಟ್ಟಲು, ಮುಚ್ಚಳ. ನಮ್ಮ ಸೆಕೆಯಲ್ಲಿ ಹೊರಗಿಟ್ಟ ಹಾಲನ್ನು ನಾಲ್ಕು ಗಂಟೆಯೊಳಗೆ ಕುಡಿಸಿ ಮುಗಿಸಬೇಕು. ಫ್ರಿಜ್ ಇದ್ದವರು ನಾಲ್ಕು ದಿನದವರೆಗೆ ಇಡಬಹುದು. ಒಲೆಯ ಮೇಲೆ ಕಾಯಿಸಬಾರದು, ಬಿಸಿನೀರಿನಲ್ಲಿ ಬಟ್ಟಲನ್ನು ಇಟ್ಟು ಬೆಚ್ಚಗೆ ಮಾಡಿದರೆ ಸಾಕು. ಕುಡಿಸುವುದು ಒಳಲೆಯಿಂದ ಅಥವಾ ಸಣ್ಣ ಲೋಟದಿಂದ. ಅಜ್ಜಿಯಂದಿರ ಒಳಲೆಯನ್ನು ಅಟ್ಟಕ್ಕೆ ಎಸೆದು ಪ್ಲಾಸ್ಟಿಕ್ ಬಾಟಲಿ ತಂದದ್ದು ನಾವು ಮಾಡಿದ ದೊಡ್ಡ ಮೂರ್ಖತನ. ನೀರಿಗೆ ಕೊಡ ಇಟ್ಟು ಕಾಯುವ ಮನೆಯಲ್ಲಿ ಬಾಟಲಿಯ ನಿಪ್ಪಲ್ಲನ್ನು ದಿನಕ್ಕೆ ಐದು ಸಲ ಕುದಿಸುವವರು ಯಾರು? ಕುದಿಸದಿದ್ದರೆ ಭೇದಿ ಖಂಡಿತ. ಹಾಲಿನ ಪುಡಿ ಮತ್ತು ಬಾಟಲಿಯ ಜಾಹೀರಾತನ್ನೇ ನಿಷೇಧಿಸಿ ನಮ್ಮ ಸಂಸತ್ತು 1992ರಲ್ಲಿ ಕಾಯ್ದೆ ಮಾಡಿತು, 2003ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಆದರೂ ಅಂಗಡಿಯವನು ಡಬ್ಬಿಯನ್ನು ಕಣ್ಣಿಗೆ ಕಾಣುವಂತೆಯೇ ಇಟ್ಟಿರುತ್ತಾನೆ.

ಹಿಂಡಲು ಆಗದವರು ನೊಂದುಕೊಳ್ಳಬೇಕಾಗಿಲ್ಲ. ಒಂಬತ್ತು ತಿಂಗಳಿನ ಕೂಸು ಹಗಲು ಊಟದ ಮೇಲೆ ಇರಬಲ್ಲದು. ಆಯಿಗೆ ಸರಿಯಾಗಿ ಹೇಳಿಕೊಟ್ಟು ಹೋಗಬೇಕು ಅಷ್ಟೇ. ಕೂಸು ಅತ್ತರೆ ಚಹಾದಲ್ಲಿ ಬಿಸ್ಕತ್ತು ಅದ್ದಿ ಕೊಡುವ ಪದ್ಧತಿ ಗುಡ್ಡದ ಮೇಲೆ ಮನೆಮನೆಯಲ್ಲೂ ಇದೆ, ಊರಲ್ಲೂ ಇದೆ. ಚಹಾ ಊಟದಲ್ಲಿರುವ ಕಬ್ಬಿಣದ ಅಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಬಿಸ್ಕತ್ತು ಹೊಟ್ಟೆ ತುಂಬಿದಂತೆ ಮಾಡಿ ಹಸಿವನ್ನು ಕೊಲ್ಲುತ್ತದೆ. ಇವೆರಡೂ ಮನೆಯಿಂದ ಹೊರಗೆ ಹೋಗಲಿ.

ಇನ್ನು ಹದಿನಾಲ್ಕು ತಿಂಗಳಿನ ಮಗುವಿನ ವಿಚಾರ. ಇದು ಹೆಚ್ಚು ಗಂಭೀರ, ಆದರೆ ಇದರ ಬಗ್ಗೆ ಮಾತನಾಡುವವರು ಕಡಿಮೆ. ಎದೆಹಾಲು ಅಮೃತವೇ ಸರಿ, ಆದರೆ ಅದರಲ್ಲಿ ಕಬ್ಬಿಣದ ಅಂಶ ಬಹಳ ಸ್ವಲ್ಪ. ಹುಟ್ಟುವಾಗ ತಾಯಿಯಿಂದ ತಂದ ದಾಸ್ತಾನು ಸುಮಾರು ಆರು ತಿಂಗಳಿಗೆ ತೀರುತ್ತದೆ. ಅನಂತರ ಅದು ಊಟದಿಂದಲೇ ಬರಬೇಕು. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ದೇಶದಲ್ಲಿ ನೂರಕ್ಕೆ 67 ಮಂದಿಗೆ, ಕರ್ನಾಟಕದಲ್ಲಿ ಸುಮಾರು 65 ಮಂದಿಗೆ ರಕ್ತಹೀನತೆ ಇತ್ತು. ಶ್ರೀಮಂತ ರಾಜ್ಯವೆನ್ನುವ ಗೋವಾದಲ್ಲೂ ಅರ್ಧಕ್ಕಿಂತ ಹೆಚ್ಚು. ರಕ್ತ ಕಡಿಮೆಯಾದ ಮಗುವಿಗೆ ಹಸಿವೂ ಕಡಿಮೆ. ಹಸಿವಿಲ್ಲದ್ದಕ್ಕೆ ಅದು ಎದೆಗೇ ಜೋತು ಬೀಳುತ್ತದೆ. ಎದೆಗೆ ಜೋತು ಬಿದ್ದದ್ದಕ್ಕೆ ಊಟ ಇನ್ನೂ ಕಡಿಮೆ. ಗಾಣದ ಎತ್ತಿನ ಹಾಗೆ ಸುತ್ತಿದಲ್ಲೇ ಸುತ್ತು.

ಇದನ್ನು ಮುರಿಯುವ ದಾರಿ ಹಾಲನ್ನು ನಿಲ್ಲಿಸುವುದಲ್ಲ, ಸರದಿಯನ್ನು ಬದಲಿಸುವುದು. ವರ್ಷದೊಳಗಿನ ಕೂಸಿಗೆ ಎದೆಹಾಲಿಗೇ ಮೊದಲ ಸ್ಥಾನ. ವರ್ಷ ತುಂಬಿದ ಮೇಲೆ ಮೊದಲು ಊಟ, ಅದರ ಹಿಂದೆ ಹಾಲು. ಊಟಕ್ಕೆ ಮುಂಚಿನ ಒಂದು ಒಂದೂವರೆ ಗಂಟೆ ಎದೆಗೆ ಹಚ್ಚಬಾರದು. ಆ ಹೊತ್ತು ಮಗುವನ್ನು ಅಂಗಳಕ್ಕೆ, ಅಪ್ಪನ ಹೆಗಲಿಗೆ, ಕೋಳಿಮರಿ ತೋರಿಸಲು, ಎಲ್ಲಿಗಾದರೂ ಕರೆದೊಯ್ಯಿರಿ. ತಾಯಿ ಎದುರಿಗೆ ಕುಳಿತಿದ್ದರೆ ಮಗು ಸೆರಗು ಎಳೆಯದೆ ಇರುವುದಿಲ್ಲ, ಮೊದಲ ವಾರ ಅಜ್ಜಿಯೋ ಅಪ್ಪನೋ ಉಣಿಸಲಿ. ಒಂಬತ್ತು ತಿಂಗಳಿನಿಂದ ಎರಡು ವರ್ಷದವರೆಗೆ ದಿನಕ್ಕೆ ಮೂರು ನಾಲ್ಕು ಊಟ, ನಡುವೆ ಒಂದೆರಡು ಸಲ ತಿನ್ನಲು ಏನಾದರೂ. ಈ ನಡುವೆ ಬೆಳಿಗ್ಗೆ ಎದ್ದೊಡನೆ, ಮಧ್ಯಾಹ್ನದ ನಿದ್ದೆಗೆ, ಸಂಜೆ, ರಾತ್ರಿ ಮಲಗುವಾಗ ಎಂದು ನಾಲ್ಕೈದು ಸಲ ಎದೆಹಾಲು ಧಾರಾಳ. ಬಿದ್ದು ಅತ್ತಾಗ, ಹೆದರಿದಾಗ ಸಮಾಧಾನಕ್ಕೆ ಕೊಟ್ಟರೆ ತಪ್ಪೇನಿಲ್ಲ. ಆದರೆ ಬೇಸರಕ್ಕೆಲ್ಲ ಹಾಲೇ ಮದ್ದಾಗಬಾರದು. ರಾತ್ರಿ ಎಚ್ಚರವಾದಾಗ ಒಂದು ಸಲ ಅಪ್ಪ ತಟ್ಟಿ ಮಲಗಿಸಿ ನೋಡಲಿ, ಒಂದು ಗುಟುಕು ನೀರು ಕೊಡಲಿ. ಮೂರು ರಾತ್ರಿ ಅತ್ತೀತು, ನಾಲ್ಕನೆಯ ರಾತ್ರಿ ಕಡಿಮೆಯಾದೀತು. ಒಂದು ಎಚ್ಚರಿಕೆ: ಕುಡಿದು ಬಂದ ಗಂಡಸು ಮಗುವಿನ ಮಗ್ಗುಲಲ್ಲಿ ಮಲಗಬಾರದು. ಇದನ್ನು ಬರೆಯಲು ನಮಗೆ ನಾಚಿಕೆ, ಆದರೆ ಬರೆಯಲೇಬೇಕಾಗಿದೆ.

ಏನು ಉಣಿಸಬೇಕು? ನೀರು ಗಂಜಿ ಸಾಲದು. ಚಮಚ ಓರೆ ಮಾಡಿದರೆ ಸುರಿಯದಷ್ಟು ಗಟ್ಟಿ ಇರಬೇಕು. ಜೋಳದ ನುಚ್ಚು, ರಾಗಿ, ಹೆಸರುಬೇಳೆ ಹಾಕಿದ ಮೆತ್ತನೆಯ ಅನ್ನ, ಮೇಲೆ ಒಂದು ಚಮಚ ಎಣ್ಣೆ ಅಥವಾ ತುಪ್ಪ. ಹಿತ್ತಿಲ ನುಗ್ಗೆ ಸೊಪ್ಪು, ಪಪ್ಪಾಯಿ, ಹುರಿದು ನುಣ್ಣಗೆ ಪುಡಿ ಮಾಡಿದ ಶೇಂಗಾ. ದಿನಕ್ಕೊಂದು ಮೊಟ್ಟೆ ಸಾಧ್ಯವಿದ್ದರೆ ಅದಕ್ಕಿಂತ ಮೇಲಾದದ್ದಿಲ್ಲ. ವಾಸ್ಕೋದಲ್ಲಿ ಇರುವವರಿಗೆ ಬಂಗಡೆ, ತಾರ್ಲಿ ಕೈಗೆಟಕುವ ಮೀನು. ಮುಳ್ಳನ್ನು ಬೆರಳಿನಿಂದ ತಡವಿ ತಡವಿ ತೆಗೆದು, ಖಾರವಿಲ್ಲದೆ ಬೇಯಿಸಿ ಅನ್ನಕ್ಕೆ ಕಲಸಿ. ಜೂನ್ ಮತ್ತು ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಮೀನು ತುಟ್ಟಿ, ಆಗ ಮೊಟ್ಟೆ, ಕೋಳಿಯ ಲಿವರು. ವರ್ಷದೊಳಗೆ ಜೇನುತುಪ್ಪ ಬೇಡ, ಆಕಳ ಹಾಲನ್ನು ಕುಡಿಸುವುದೂ ಬೇಡ. ವರ್ಷದ ಮೇಲೂ ಆಕಳ ಹಾಲು ಅರ್ಧ ಲೀಟರು ಮೀರಿದರೆ ಅದೇ ರಕ್ತಹೀನತೆಗೆ ದಾರಿ. ಆರು ತಿಂಗಳು ದಾಟಿದ ಮಕ್ಕಳಿಗೆ ವಾರಕ್ಕೆರಡು ಸಲ ಒಂದೊಂದು ಮಿಲಿಲೀಟರು ಕಬ್ಬಿಣದ ಸಿರಪ್ ಸರ್ಕಾರದಿಂದ ಪುಕ್ಕಟೆ. ಅಂಗನವಾಡಿಯಲ್ಲಿ ಅಥವಾ ಆರೋಗ್ಯ ಕೇಂದ್ರದಲ್ಲಿ ಕೇಳಿ ಪಡೆಯಿರಿ. ಕಣ್ಣರೆಪ್ಪೆ ಬಿಳಚಿದ ಆ ಮಗುವನ್ನು ಮಾತ್ರ ಸಿರಪ್ಪಿಗೆ ಬಿಡದೆ ರಕ್ತ ಪರೀಕ್ಷೆಗೆ ಕಳಿಸಿದೆವು.

ಮೊಲೆ ಬಿಡಿಸುವ ಮುಹೂರ್ತದ ಬಗ್ಗೆ ನಮ್ಮದೇ ಮನೆಯ ಕಥೆಯೊಂದನ್ನು ಹೇಳಲೇಬೇಕು. ವರ್ಷಗಳ ಹಿಂದೆ ಕೊಯ್ಲಿಗೆಂದು ಊರಿಗೆ ಹೊರಟಾಗ, ಹೊಲದಲ್ಲಿ ಕೂಸಿನ ಕಾಟ ಬೇಡವೆಂದು ಬೇವಿನ ಸೊಪ್ಪು ಅರೆದು ಎದೆಗೆ ಹಚ್ಚಿ ಒಂದೇ ದಿನದಲ್ಲಿ ಹಾಲು ಬಿಡಿಸಿದ್ದಾಯಿತು. ಕೂಸಿಗೆ ಹದಿಮೂರು ತಿಂಗಳು. ಎರಡು ದಿನ ಅತ್ತು ಸುಮ್ಮನಾಯಿತು, ನಾವು ಗೆದ್ದೆವೆಂದುಕೊಂಡೆವು. ಹೊಸ ನೀರು, ಹೊಸ ಜಾಗ. ಐದನೆಯ ದಿನ ಭೇದಿ ಹಿಡಿಯಿತು. ಏನು ಕೊಟ್ಟರೂ ಉಗುಳುತ್ತಿತ್ತು, ಕುಡಿಯಬಹುದಾಗಿದ್ದ ಒಂದೇ ಒಂದನ್ನು ನಾವೇ ಕಹಿ ಮಾಡಿಟ್ಟಿದ್ದೆವು. ತಾಲ್ಲೂಕಿಗೆ ಹೊತ್ತೊಯ್ದು ಸಲೈನ್ ಹಾಕಿಸಿ, ದೇವರ ದಯೆಯಿಂದ ಉಳಿಯಿತು. ಅತ್ತ ತಾಯಿಯ ಎದೆ ಕಲ್ಲಾಗಿ ಜ್ವರ ಬಂದು ಆಕೆಯೂ ಮಲಗಿದಳು. ಕೊಯ್ಲಿನ ಲಾಭವೆಲ್ಲ ಔಷಧಕ್ಕೆ ಹೋಯಿತು.

ಅಂದಿನಿಂದ ನಮ್ಮ ಮಾತು ಇದು: ಬಿತ್ತನೆಗೋ ಕೊಯ್ಲಿಗೋ ಊರಿಗೆ ಹೊರಡುವಾಗ, ಮಳೆಗಾಲದ ಆರಂಭದಲ್ಲಿ, ಮಗುವಿಗೆ ಹುಷಾರಿಲ್ಲದಾಗ, ತಾಯಿ ಹೊಸದಾಗಿ ಕೆಲಸಕ್ಕೆ ಸೇರಿದ ವಾರದಲ್ಲಿ ಹಾಲು ಬಿಡಿಸಬೇಡಿ, ಕಡಿಮೆ ಮಾಡಲೂ ಹೋಗಬೇಡಿ. ಭೇದಿಯಾದಾಗ ಎಣಿಕೆಯನ್ನೇ ಮರೆತು, ಕೇಳಿದಷ್ಟು ಸಲ ಎದೆಹಾಲು ಕೊಡಿ. ಜೊತೆಗೆ ಓ.ಆರ್.ಎಸ್. ದ್ರಾವಣ, 14 ದಿನ ದಿನಕ್ಕೊಂದು 20 ಮಿಲಿಗ್ರಾಮಿನ ಜಿಂಕ್ ಮಾತ್ರೆ. ನಿಜವಾಗಿ ಬಿಡಿಸುವ ಕಾಲ ಬಂದಾಗ ಒಂದೊಂದು ವಾರಕ್ಕೆ ಒಂದೊಂದು ಸರದಿ ಇಳಿಸುತ್ತ ಬನ್ನಿ, ಮಧ್ಯಾಹ್ನದ್ದು ಮೊದಲು, ರಾತ್ರಿ ಮಲಗುವಾಗಿನದು ಕೊನೆಗೆ. ಬೇವು, ಮೆಣಸಿನಕಾಯಿ, ಹೆದರಿಕೆ ಯಾವುದೂ ಬೇಡ.

ಊರಿಗೆ ಹೋದವರು ಇನ್ನೊಂದನ್ನು ನೆನಪಿಡಬೇಕು. ಹತ್ತಿಗೆ, ಮೆಣಸಿನ ಗಿಡಕ್ಕೆ ಔಷಧ ಹೊಡೆದ ಹೊಲದಿಂದ ಬಂದ ತಾಯಿ ಸೀರೆ ರವಿಕೆ ಬದಲಿಸಿ, ಸಾಬೂನಿನಿಂದ ಕೈ, ಮುಖ, ಎದೆ ತೊಳೆದುಕೊಂಡೇ ಕೂಸನ್ನು ಎತ್ತಿಕೊಳ್ಳಬೇಕು. ಪಂಪು ಹೊತ್ತ ಅಪ್ಪನಿಗೂ ಇದೇ ನಿಯಮ. ಬದುವಿನ ಮೇಲೆ ಜೋಲಿ ಕಟ್ಟಿ ಕೂಸನ್ನು ಮಲಗಿಸಿ ಪಕ್ಕದ ಸಾಲಿಗೆ ಔಷಧ ಹೊಡೆಯುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಹಾಲು ಕುಡಿಸಲು ಹತ್ತಿರವಿರಲಿ ಎಂದು ಕರೆದುಕೊಂಡು ಹೋಗಿರುತ್ತಾರೆ, ಉದ್ದೇಶ ಒಳ್ಳೆಯದೇ. ಆದರೆ ಹೊಡೆಯುವ ದಿನ ಕೂಸು ಮನೆಯಲ್ಲಿರಲಿ.

ವಿವಾಹ ಶಿಬಿರಗಳಲ್ಲಿ ಕೇಳುವ ಪ್ರಶ್ನೆಗೂ ಇಲ್ಲೇ ಉತ್ತರಿಸುತ್ತೇವೆ. ಹಾಲು ಕುಡಿಸುತ್ತಿರುವಾಗ ಗರ್ಭ ನಿಲ್ಲುವುದಿಲ್ಲ ಎಂಬ ನಂಬಿಕೆ ಅರ್ಧ ಸತ್ಯ. ಕೂಸಿಗೆ ಆರು ತಿಂಗಳು ತುಂಬಿರಬಾರದು, ಮುಟ್ಟು ಮರಳಿರಬಾರದು, ಹಗಲು ರಾತ್ರಿ ಎದೆಹಾಲೇ ಆಹಾರವಾಗಿರಬೇಕು. ಈ ಮೂರೂ ಕೂಡಿದ್ದರೆ ಮಾತ್ರ ಆ ಮಾತು ನಿಲ್ಲುತ್ತದೆ. ಆರು ತಿಂಗಳು ದಾಟಿ, ಹಾಲಿನ ಸರದಿ ಇಳಿದ ಮೇಲೆ ಅದನ್ನು ನಂಬಿ ಕೂರಬಾರದು. ಸಹಜ ಕುಟುಂಬ ಯೋಜನೆಯನ್ನು ಅನುಸರಿಸುವವರು ಆಗಲೇ ಲಕ್ಷಣಗಳನ್ನು ಗಮನಿಸಿ ಬರೆದಿಡಲು ಆರಂಭಿಸಬೇಕು. ಮತ್ತೆ ಬಸುರಿಯಾದರೂ ಎದೆಹಾಲು ಕೆಟ್ಟುಹೋಗುವುದಿಲ್ಲ. ತಾಯಿ ಆರೋಗ್ಯವಾಗಿದ್ದು ಡಾಕ್ಟರು ಬೇಡವೆನ್ನದಿದ್ದರೆ ಕೊಡುತ್ತ ನಿಧಾನವಾಗಿ ಬಿಡಿಸಬಹುದು.

ಇಷ್ಟೆಲ್ಲ ಬರೆದು ತಾಯಿಯ ತಟ್ಟೆಯನ್ನು ನೋಡದಿದ್ದರೆ ನಾವು ಕಪಟಿಗಳಾಗುತ್ತೇವೆ. ಹಿಂಡಿ ಇಲ್ಲದೆ ಆಕಳು ಹಾಲು ಕೊಡದೆಂದು ತಿಳಿದ ರೈತ, ಹೆಂಡತಿ ಕೊನೆಗೆ ಉಳಿದದ್ದನ್ನು ಉಣ್ಣುವುದನ್ನು ಮಾತ್ರ ಗಮನಿಸುವುದಿಲ್ಲ. ಏಳನೆಯ ತಿಂಗಳಿನಿಂದ ವರ್ಷದವರೆಗೆ ಹಾಲೂಡಿಸುವ ತಾಯಿಗೆ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚಿಗೆ ಬೇಕು. ಅಂದರೆ ಮಾಮೂಲಿ ಊಟದ ಮೇಲೆ ಎರಡು ರೊಟ್ಟಿ, ಪಲ್ಯ, ಒಂದು ಮುಷ್ಟಿ ಶೇಂಗಾ. ರೊಟ್ಟಿ ಬಡಿಯುವಾಗಲೇ ಆಕೆಯ ಎರಡನ್ನು ಬೇರೆ ತೆಗೆದಿಡಿ.

ಇನ್ನು ಕೆಲಸ ಕೊಡುವವರ ಮಾತು. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ, ಕೂಸಿಗೆ ಹದಿನೈದು ತಿಂಗಳಾಗುವವರೆಗೆ ತಾಯಿಗೆ ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವು ಕೊಡಬೇಕೆಂದಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಐವತ್ತು ಮಂದಿ ದುಡಿಯುವಲ್ಲಿ ಶಿಶುಪಾಲನಾ ಕೊಠಡಿಯೂ ಇರಬೇಕು. ಆದರೆ ನಾಲ್ಕು ಮನೆಗಳ ಪಾತ್ರೆ ತೊಳೆಯುವ ನಮ್ಮ ಹೆಣ್ಣುಮಗಳಿಗೆ ಈ ಕಾನೂನು ಯಾವ ಬಾಗಿಲಿನಿಂದ ಬಂದೀತು? ಅವಳ ಮಾಲೀಕರು ಕಂಪನಿಯಲ್ಲ, ಮನೆಯೊಡತಿ. ಆ ಮನೆಯೊಡತಿಯರಲ್ಲಿ ಕೆಲವರು ಭಾನುವಾರ ನಮ್ಮ ಮುಂದಿನ ಬೆಂಚಿನಲ್ಲೇ ಕುಳಿತಿರುತ್ತಾರೆ, ಅದೇ ಪರಮಪ್ರಸಾದವನ್ನು ಸ್ವೀಕರಿಸುತ್ತಾರೆ. ಅವರಿಗೆ ಈ ಪುಟವನ್ನು ಯಾರಾದರೂ ಓದಿ ಹೇಳಿದರೆ ಒಳ್ಳೆಯದು. ಮಧ್ಯಾಹ್ನ ಒಂದು ಗಂಟೆ ಬಿಡುವು ಕೊಟ್ಟರೆ ಆಕೆ ಗುಡ್ಡ ಹತ್ತಿ ಕೂಸಿಗೆ ಹಾಲೂಡಿಸಿ ಮರಳಬಹುದು. ಕೂಸನ್ನೇ ಕರೆತರಲು ಬಿಟ್ಟರೆ ಇನ್ನೂ ಮೇಲು. ಸಂಬಳ ಹಿಡಿಯಬಾರದು.

1995ರ ಮೇ ತಿಂಗಳಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಎದೆಹಾಲಿನ ಬಗ್ಗೆ ಅಧ್ಯಯನಕ್ಕೆ ಸೇರಿದ್ದ ವಿಜ್ಞಾನಿಗಳನ್ನು ಕಂಡು ಮಾತನಾಡಿದ್ದರು. ತಾಯಿ ಮಗುವಿನ ನಡುವಿನ ಇಷ್ಟು ಖಾಸಗಿಯಾದ ಒಂದು ಕೆಲಸ ನಮ್ಮ ಸಮಾಜದ ಮತ್ತು ಆರ್ಥಿಕತೆಯ ರೀತಿನೀತಿಗಳನ್ನೇ ಮತ್ತೆ ವಿಮರ್ಶಿಸುವಂತೆ ಮಾಡಬಲ್ಲದು ಎಂಬುದು ಅವರ ಮಾತಿನ ಸಾರ. ಜಗದ್ಗುರು ಫ್ರಾನ್ಸಿಸರು 2015ರ ಜನವರಿಯಲ್ಲಿ ಸಿಸ್ಟೈನ್ ಪ್ರಾರ್ಥನಾಲಯದಲ್ಲಿ ಮಕ್ಕಳಿಗೆ ಜ್ಞಾನಸ್ನಾನ ಕೊಡುವಾಗ, ಹಸಿದು ಅತ್ತರೆ ಇಲ್ಲಿಯೇ ಹಾಲು ಕೊಡಿರೆಂದು ತಾಯಂದಿರಿಗೆ ಹೇಳಿದರು. ಅಲ್ಲಿ ಆಗುವುದಾದರೆ ನಮ್ಮ ದೇವಾಲಯದ ಹಿಂದಿನ ಬೆಂಚಿನಲ್ಲಿ ಏಕಾಗದು? ಕೂಸು ಅತ್ತೊಡನೆ ತಿರುಗಿ ನೋಡುವ ಹಿರಿಯರ ಕಣ್ಣಿಗೆ ಹೆದರಿ ತಾಯಂದಿರು ಬಿಸಿಲಿಗೆ ಎದ್ದು ಹೋಗುತ್ತಾರೆ. ಧರ್ಮಕೇಂದ್ರದ ಪಾಲನಾ ಸಮಿತಿಯವರು ಒಂದು ಮೂಲೆಗೆ ಪರದೆ, ಒಂದು ಫ್ಯಾನು, ಎರಡು ಕುರ್ಚಿ ಹಾಕಿಸಬೇಕೆಂದು ನಾವು ಕೇಳಿಕೊಳ್ಳುತ್ತೇವೆ. ಖರ್ಚು ಹಬ್ಬದ ಪಟಾಕಿಗಿಂತ ಕಡಿಮೆ.

2020ರ ಜೂನ್ ಮೊದಲ ವಾರದಲ್ಲಿ ಮಂಗೋರ್ ಹಿಲ್ಲನ್ನು ಕೋವಿಡ್ ಕಾರಣದಿಂದ ಕಂಟೇನ್‌ಮೆಂಟ್ ವಲಯವೆಂದು ಸುತ್ತ ಬೇಲಿ ಹಾಕಿದ್ದು ಇನ್ನೂ ನೆನಪಿದೆ. ಕೆಲಸವಿಲ್ಲ, ಕೂಲಿಯಿಲ್ಲ, ಅಂಗಡಿಗೆ ಹೋಗುವಂತಿಲ್ಲ. ಬೇಲಿಯೊಳಗಿನ ಖೋಲಿಗಳಲ್ಲಿ ಹಾಲಿನ ಪ್ಯಾಕೆಟ್ಟಿಗೆ ಪರದಾಟ. ಸೋಂಕು ತಗಲಿದ ತಾಯಿಯೂ ಮುಖಗವಸು ಹಾಕಿ, ಕೈ ತೊಳೆದು ಎದೆಹಾಲು ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಆಗ ಹೇಳಿತು. ಎದೆಹಾಲು ಇನ್ನೂ ಬಿಡಿಸದಿದ್ದ ಮನೆಗಳಲ್ಲಿ ಕೂಸಿನ ಚಿಂತೆಯೊಂದು ಕಡಿಮೆಯಿತ್ತು. ಹಿಂದಿನ ತಿಂಗಳಷ್ಟೇ ಬಿಡಿಸಿದ್ದವರ ಪಾಡು ಬೇರೆ.

ಬಾಡಿಗೆ ಮನೆಯಲ್ಲಿರುವವರಿಗೆ ಒಂದು ಸೂಚನೆ. ಆರು ತಿಂಗಳಿನಿಂದ ಮೂರು ವರ್ಷದ ಮಕ್ಕಳಿಗೆ ಅಂಗನವಾಡಿಯಿಂದ ಮನೆಗೆ ಒಯ್ಯುವ ಆಹಾರ ಸಿಗುತ್ತದೆ. ಹೊರರಾಜ್ಯದಿಂದ ಬಂದವರೆಂದು ಹಿಂದೆ ಸರಿಯಬೇಡಿ. ಇಲ್ಲಿನ ಅಂಗನವಾಡಿಯಲ್ಲಿ ಹೆಸರು ಬರೆಸಿ, ಊರಿಗೆ ಹೋದಾಗ ಅಲ್ಲಿ ತಿಳಿಸಿ. ತಿಂಗಳಿಗೊಮ್ಮೆ ತೂಕ ಮಾಡಿಸಿ. ಎದೆಹಾಲು ಎಷ್ಟು ಸಲ ಎಂಬ ಪ್ರಶ್ನೆಗೆ ನಿಮ್ಮ ಕೂಸಿನ ತೂಕದ ಗೆರೆಯೇ ನಮಗಿಂತ ಚೆನ್ನಾಗಿ ಉತ್ತರ ಹೇಳುತ್ತದೆ. ಎರಡು ತಿಂಗಳು ಗೆರೆ ಮೇಲೇರದಿದ್ದರೆ ಮೂರನೆಯದಕ್ಕೆ ಕಾಯದೆ ಡಾಕ್ಟರ ಬಳಿಗೆ ಹೋಗಿ.

ಆ ಒಂಬತ್ತು ತಿಂಗಳಿನ ಕೂಸಿಗೆ ಈಗ ವರ್ಷ ತುಂಬಿದೆ. ಮೊನ್ನೆ ತಾಯಿ ಸಿಕ್ಕಳು. ರಾತ್ರಿ ಎರಡು ಸಲಕ್ಕೆ ಇಳಿದಿದೆಯಂತೆ. ಕೆಲಸದ ಒಂದು ಮನೆಯವರು ಮಧ್ಯಾಹ್ನ ಮುಕ್ಕಾಲು ಗಂಟೆ ಬಿಟ್ಟುಕೊಡುತ್ತಿದ್ದಾರಂತೆ. ಅತ್ತೆಯವರು ಊರಿನಿಂದ ಬಂದಿದ್ದಾರೆ, ಇನ್ನೂ ಗೊಣಗುತ್ತಾರೆ, ಆದರೆ ಹಳೆಯ ಒಳಲೆಯನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದಾರೆ.